ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮೊದಲು ಸೂಜಿ ಚಿಕಿತ್ಸೆಗೆ ಹೋಗಬೇಡಿ

ದಕ್ಷಿಣ ಬೆಂಗಳೂರಿನ ಶಿಕ್ಷಕಿಯೊಬ್ಬರಿಗೆ ಬೆಳಿಗ್ಗೆ ಏಳುವಾಗಲೇ ಬಲಗಿವಿ ಕಟ್ಟಿತ್ತು, ಒಳಗೆ ಗುಯ್ ಅನ್ನುವ ಸದ್ದು. ನೆಗಡಿಯಿರಬೇಕು ಅಂತ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಪರಿಚಯದವರ ಮಾತು ಕೇಳಿ ಅಕ್ಯುಪಂಕ್ಚರ್ ಕೇಂದ್ರವೊಂದಕ್ಕೆ ಹೋದರು. ಅಲ್ಲಿ ಯಾರೂ ಕಿವಿಯೊಳಗೆ ಬೆಳಕು ಬಿಟ್ಟು ನೋಡಲಿಲ್ಲ. ನಾಡಿ ಹಿಡಿದು, ನಾಲಿಗೆ ನೋಡಿ, ‘ನರದ ವೀಕ್ನೆಸ್’ ಅಂದರು. ಇಪ್ಪತ್ತು ಸಿಟ್ಟಿಂಗ್‌ಗಳ ಪ್ಯಾಕೇಜ್, ಹಣ ಮುಂಗಡ. ಅದೆಲ್ಲ ಮುಗಿಸಿ ಎರಡು ತಿಂಗಳ ಮೇಲೆ ಅವರು ನಮ್ಮ ಆಡಿಯಾಲಜಿ (ಶ್ರವಣ ಪರೀಕ್ಷೆಯ) ವಿಭಾಗಕ್ಕೆ ಬಂದಾಗ ಆ ಕಿವಿಯಲ್ಲಿ ಉಳಿದದ್ದು ತೀರಾ ಕಡಿಮೆ.

ಸೂಜಿ ಅವರ ಕಿವಿಯನ್ನು ಕೆಡಿಸಲಿಲ್ಲ. ಕೆಡಿಸಿದ್ದು ಕಳೆದುಹೋದ ಸಮಯ.

72 ಗಂಟೆಯೊಳಗೆ ಪರೀಕ್ಷೆಯ ಅಕ್ಕಪಕ್ಕದ ಮೂರು ಫ್ರೀಕ್ವೆನ್ಸಿಗಳಲ್ಲಿ (ಸ್ವರದ ಏರಿಳಿತದ ಮಟ್ಟಗಳಲ್ಲಿ) 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಶ್ರವಣ ಕುಸಿದು, ತೊಂದರೆ ಒಳಗಿವಿಯಲ್ಲಿದ್ದರೆ ಅದನ್ನು ಹಠಾತ್ ಶ್ರವಣ ನಷ್ಟ ಎನ್ನುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಆದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ, ಗರಿಷ್ಠ 60. ಒಂದೆರಡು ವಾರ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಶುರುವಾದ ಎರಡು ವಾರದೊಳಗೆ ಕೊಟ್ಟರೇ ಪ್ರಯೋಜನದ ನಿರೀಕ್ಷೆ ಹೆಚ್ಚು. ಅದರಿಂದ ಪೂರ್ತಿ ವಾಪಸ್ ಬರದಿದ್ದರೆ ಎರಡರಿಂದ ಆರು ವಾರದ ನಡುವೆ ಕಿವಿತಮಟೆಯ ಮೂಲಕ ಒಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ದಾರಿಯಿದೆ. ಎಲ್ಲರಿಗೂ ಫಲ ಸಿಗುತ್ತದೆ ಎಂದು ಯಾವ ಪ್ರಾಮಾಣಿಕ ವೈದ್ಯರೂ ಹೇಳುವುದಿಲ್ಲ. ಆದರೆ ಇಪ್ಪತ್ತು ಸಿಟ್ಟಿಂಗ್ ಮುಗಿಯುವಷ್ಟರಲ್ಲಿ ಈ ಎರಡೂ ಬಾಗಿಲು ಮುಚ್ಚಿರುತ್ತವೆ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಈ ಮಾತ್ರೆ ಎಚ್ಚರಿಕೆಯಿಂದ ಕೊಡಬೇಕು. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ನುಂಗುವ ಕೆಲಸ ಬೇಡ.

‘ಸೂಜಿ ಹಾಕಿಸಿದ್ದಕ್ಕೇ ನಮ್ಮ ಮಾವನಿಗೆ ಕಿವಿ ಬಂತು’ ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಹಠಾತ್ ಹೋದ ಶ್ರವಣ ಯಾವ ಚಿಕಿತ್ಸೆಯೂ ಇಲ್ಲದೆ ಮೂವರಲ್ಲಿ ಒಬ್ಬರಿಗಾದರೂ ಒಂದಿಷ್ಟು ಮರಳುತ್ತದೆ, ಅದೂ ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಆಗ ಯಾರ ಬಳಿ ಹೋಗಿದ್ದರೋ ಹೆಸರು ಅವರಿಗೆ ಹೋಗುತ್ತದೆ. ಚೀನಾದಲ್ಲಿ ಈ ಬಗ್ಗೆ ಪ್ರಯೋಗಗಳು ನಡೆದಿವೆ. ಆದರೆ ಬಹಳಷ್ಟರಲ್ಲಿ ಸೂಜಿಯನ್ನು ಔಷಧಿಯ ಜೊತೆ ಕೊಟ್ಟಿದ್ದಾರೆ, ಔಷಧಿಯ ಬದಲಿಗಲ್ಲ. ಹಳೆಯ ಕಿವುಡಿನ ಮಾತೇ ಬೇರೆ. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ಮನುಷ್ಯರಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯ ಮುಂದೆ, ಹಾಲೆಯ ಹಿಂದಿನ ಕುಳಿಯಲ್ಲಿ ಚುಚ್ಚುವ ಸೂಜಿಯಿಂದ ಅವು ಚಿಗುರಲಾರವು.

ಕೇಂದ್ರದವರು ತೋರಿಸಿದ ‘ಪ್ರಗತಿ ವರದಿ’ಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಶಿಕ್ಷಕಿಯ ಕೈಯಲ್ಲಿದ್ದ ಹಾಳೆಯಲ್ಲಿ ಬಲಗಿವಿ 55 ಡೆಸಿಬಲ್ ಎಂದಿತ್ತು. ಈ ಅಂಕಿ ಹೆಚ್ಚಿದಷ್ಟೂ ಕಿವಿ ಮಂದ ಎಂದರ್ಥ. ನಾವು ಸರಿಯಾಗಿ ಅಳೆದಾಗ ಬಂದದ್ದು 90ರ ಮೇಲೆ. ಸಾಮಾನ್ಯ ಹೆಡ್‌ಫೋನ್‌ನಲ್ಲಿ ಸದ್ದು ಸುಮಾರು 40 ಡೆಸಿಬಲ್ ದಾಟಿದರೆ ತಲೆಬುರುಡೆಯ ಮೂಲಕ ಆಚೆ ಕಿವಿಗೂ ತಲುಪಬಹುದು. ಒಳ್ಳೆಯ ಎಡಗಿವಿ ಕೇಳಿಸಿಕೊಂಡು ‘ಕೇಳಿಸ್ತು’ ಅಂತ ಬಟನ್ ಒತ್ತಿಸುತ್ತದೆ, ಅಂಕಿ ಬಲಗಿವಿಯ ಲೆಕ್ಕಕ್ಕೆ ಬೀಳುತ್ತದೆ. ಇದನ್ನು ತಡೆಯಲು ಒಳ್ಳೆಯ ಕಿವಿಗೆ ಒಂದೇ ಸಮನೆ ಗದ್ದಲ ಕೊಟ್ಟು ಅದನ್ನು ಕಟ್ಟಿಹಾಕಬೇಕು. ಅದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ, ರಸ್ತೆ ಪಕ್ಕದ ಕೋಣೆಯಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಒಮ್ಮೆ ಟ್ರಾಫಿಕ್ ಹೊತ್ತಿನಲ್ಲಿ, ಇನ್ನೊಮ್ಮೆ ಮಧ್ಯಾಹ್ನದ ನಿಶ್ಶಬ್ದದಲ್ಲಿ ಮಾಡಿದರೆ ಕಿವಿ ‘ಸುಧಾರಿಸಿದಂತೆ’ ಕಾಣುತ್ತದೆ. ಸೌಂಡ್‌ಪ್ರೂಫ್ ಕೋಣೆಯಲ್ಲೂ 5 ಡೆಸಿಬಲ್ ಅತ್ತಿತ್ತ ಆಗುವುದು ಸಹಜ. ಅಷ್ಟಕ್ಕೆ ಗುಣವಾಯಿತು ಎಂದರೆ ನಂಬಬೇಡಿ.

ಮನೆಯಲ್ಲೇ ಒಂದು ಸುಳಿವು ಪಡೆಯಬಹುದು. ಬಾಯಿ ಮುಚ್ಚಿ ‘ಮ್ಮ್ಮ್’ ಎಂದು ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ಮಧ್ಯಕಿವಿಯ ನೀರೋ ಇರುವ ಸಾಧ್ಯತೆ ಹೆಚ್ಚು. ಒಳ್ಳೆಯ ಕಿವಿಯ ಕಡೆ ಜೋರಾದರೆ ತೊಂದರೆ ಒಳಗಿವಿಯದಿರಬಹುದು, ಅವತ್ತೇ ಹೊರಡಿ. ಇದು ವೈದ್ಯರು 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್‌ನಿಂದ ಮಾಡುವ ಪರೀಕ್ಷೆಗೆ ಬದಲಿಯಲ್ಲ. ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈಕಾಲು ಸ್ವಾಧೀನ ತಪ್ಪಿದರೆ ಇಎನ್‌ಟಿ ಅಲ್ಲ, ನೇರ ಎಮರ್ಜೆನ್ಸಿಗೆ.

ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗವಿದೆ. ಚೀಟಿ ಮಾಡಿಸುವಾಗ ‘ಕಿವಿ ಸರಿಯಾಗಿ ಕೇಳಲ್ಲ’ ಅನ್ನಬೇಡಿ, ಹಳೆಯ ಕಿವಿಮಂದದವರ ಸಾಲಿಗೆ ಸೇರಿಸಿಬಿಡುತ್ತಾರೆ. ‘ಇಂಥ ದಿನದಿಂದ, ಇದ್ದಕ್ಕಿದ್ದಂತೆ, ಒಂದೇ ಕಿವಿ’ ಅಂತ ಬಿಡಿಸಿ ಹೇಳಿ, ಅವತ್ತೇ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆ) ಮಾಡಿಸಿಕೊಡಿ ಎಂದು ಕೇಳಿ. ಎಂಆರ್‌ಐ ಬರೆದುಕೊಟ್ಟರೆ ತಪ್ಪಿಸಬೇಡಿ. ಶ್ರವಣ ನರದ ಮೇಲಿನ ಗಡ್ಡೆ ಕೆಲವರಲ್ಲಿ ಹೀಗೇ ಮೊದಲು ಗೊತ್ತಾಗುವುದು. ಔಷಧಿ ಶುರುವಾದ ಮೇಲೆ ಸೂಜಿಯೂ ಬೇಕೆನಿಸಿದರೆ ವೈದ್ಯರಿಗೆ ತಿಳಿಸಿ, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆದ ಹೊಸ ಸೂಜಿಯನ್ನೇ ಹಾಕಿಸಿಕೊಳ್ಳಿ. ಪೇಸ್‌ಮೇಕರ್ ಇರುವವರು ಸೂಜಿಗೆ ಕರೆಂಟ್ ಕೊಡಿಸಿಕೊಳ್ಳಲೇಬಾರದು.