ಕರಾಟೆ ಕ್ಲಾಸಿನ ಕೊನೆಯ 20 ನಿಮಿಷ: ಸ್ಪಾರಿಂಗೋ, ಪ್ಯಾಡೋ, ಬೀಳುವುದೋ, ಹಿಡಿತ ಬಿಡಿಸುವುದೋ?

ಹಾಸನ, ಚಿಕ್ಕಮಗಳೂರು ಕಡೆಯ ಬಹುಪಾಲು ಕರಾಟೆ ಕ್ಲಾಸ್‌ಗಳು ಒಂದು ಗಂಟೆಯವು. ಜಾಗ ಶಾಲೆಯ ಹಾಲ್, ಇಲ್ಲವೇ ಮದುವೆಯಿಲ್ಲದ ದಿನ ಖಾಲಿ ಇರುವ ಛತ್ರ. ವಾರ್ಮ್‌ಅಪ್ 15 ನಿಮಿಷ, ಸಾಲಾಗಿ ನಿಂತು ಪಂಚ್, ಬ್ಲಾಕ್, ಕಿಕ್ 15 ನಿಮಿಷ, ಕಟಾ, ಅಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ, 10 ನಿಮಿಷ. ಉಳಿಯುವುದು 20 ನಿಮಿಷ. ಬೆಲ್ಟ್ ಪರೀಕ್ಷೆ ಹತ್ತಿರ ಬಂತೆಂದರೆ ಅದನ್ನೂ ಕಟಾ ನುಂಗುತ್ತದೆ.

ಹಸಿರು ಬೆಲ್ಟ್ ದಾಟಿದ ಮಕ್ಕಳಿಂದ ಹಿಡಿದು ಕೆಲಸ ಮುಗಿಸಿ ಸಂಜೆ ಬರುವ ದೊಡ್ಡವರವರೆಗೆ, ಕ್ಲಾಸಿನಲ್ಲಿ ಇನ್ನೂ ಬೇಕಿತ್ತು ಎಂದು ಹೇಳುವುದು ಹೆಚ್ಚುಕಡಿಮೆ ಇವೇ ನಾಲ್ಕು: ಸ್ಪಾರಿಂಗ್ ಅಂದರೆ ಜೋಡಿಯಾಗಿ ಆಡುವ ಅಭ್ಯಾಸದ ಫೈಟ್, ಜೊತೆಗಾರ ಹಿಡಿದ ಮೆತ್ತನೆ ಪ್ಯಾಡ್ ಮೇಲೆ ಹೊಡೆಯುವುದು, ಪೆಟ್ಟಾಗದಂತೆ ಬೀಳುವುದು, ಹಿಡಿದ ಕೈ ಬಿಡಿಸಿಕೊಳ್ಳುವುದು. ಈ ನಾಲ್ಕನ್ನೂ ಅದೇ 20 ನಿಮಿಷಕ್ಕೆ, ಅದೇ ಹಾಲ್‌ನಲ್ಲಿ, ಒಬ್ಬ ಮಾಸ್ಟರ್ ಇಪ್ಪತ್ತು ಜನರನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ಹಾಕಿ ನೋಡಿದಾಗ ಕಂಡದ್ದನ್ನು ಪಕ್ಕಪಕ್ಕ ಇಡುತ್ತಿದ್ದೇವೆ.

ಸ್ಪಾರಿಂಗ್

'ಸರ್, ಫೈಟ್ ಯಾವಾಗ ಮಾಡಿಸ್ತೀರಾ?' ಎಲ್ಲ ಕ್ಲಾಸಿನಲ್ಲೂ ಮೊದಲು ಬರುವ ಪ್ರಶ್ನೆ ಇದು. ಆಸೆ ನ್ಯಾಯವಾದದ್ದೇ. ಆದರೆ ಕೊನೆಯ 20 ನಿಮಿಷ ಹಾಗೇ ಬಿಟ್ಟು 'ಆಡಿ' ಎಂದರೆ ಆಗುವುದೇ ಬೇರೆ. ಎತ್ತರವಿದ್ದವರು, ಭಾರವಿದ್ದವರು ಮೊದಲ ಅರ್ಧ ನಿಮಿಷದಲ್ಲೇ ಮೇಲುಗೈ ಸಾಧಿಸುತ್ತಾರೆ. ಚಿಕ್ಕವರು ಕಣ್ಣು ಮುಚ್ಚುತ್ತಾರೆ, ಮುಖ ತಿರುಗಿಸುತ್ತಾರೆ, ಬೆನ್ನು ಕೊಡುತ್ತಾರೆ. ಕಲಿತ ಬ್ಲಾಕ್ ಒಂದೂ ಹೊರಗೆ ಬರುವುದಿಲ್ಲ. ವಾರವಾರವೂ ಹೀಗೇ ನಡೆದರೆ ಅವರಿಗೆ ಅಭ್ಯಾಸವಾಗುವುದು ಕಣ್ಣು ಮುಚ್ಚುವುದೇ.

ಕಾರಣ ಸರಳ. ಶೋಟೊಕಾನ್ ಶೈಲಿಯಲ್ಲಿ ಜೋಡಿ ಅಭ್ಯಾಸಕ್ಕೆ ಮೆಟ್ಟಿಲುಗಳಿವೆ: ಐದು ಹೆಜ್ಜೆಯ ಗೋಹೊನ್, ಮೂರು ಹೆಜ್ಜೆಯ ಸಂಬೊನ್, ಒಂದೇ ದಾಳಿಯ ಕಿಹೊನ್ ಇಪ್ಪೊನ್, ಆಮೇಲೆ ಜಿಯು ಇಪ್ಪೊನ್, ಕೊನೆಗೆ ಮುಕ್ತ ಕುಮಿತೆ, ಅಂದರೆ ಮುಕ್ತ ಸ್ಪಾರಿಂಗ್. ಎಷ್ಟೋ ಕ್ಲಾಸಿನಲ್ಲಿ ಸಂಬೊನ್‌ನಿಂದ ನೇರ ಮುಕ್ತ ಕುಮಿತೆಗೆ ಹಾರುತ್ತಾರೆ. ಬಿಟ್ಟುಹೋಗುವ ಜಿಯು ಇಪ್ಪೊನ್‌ನಲ್ಲೇ ಇದೆ ಗುಟ್ಟು. ಅಲ್ಲಿ ದಾಳಿ ಮಾಡುವವನು 'ಜೋದಾನ್' ಅಂದರೆ ಮುಖಕ್ಕೆ, 'ಚುದಾನ್' ಅಂದರೆ ಹೊಟ್ಟೆಗೆ ಎಂದು ಮೊದಲೇ ಹೇಳುತ್ತಾನೆ. ಆದರೆ ಯಾವ ಕ್ಷಣಕ್ಕೆ, ಎಷ್ಟು ದೂರದಿಂದ ಬರುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು. ಇಬ್ಬರೂ ಓಡಾಡುತ್ತಿರುತ್ತಾರೆ. ಎದುರಿನವನಿಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ವಿದ್ಯಾರ್ಥಿಗಳು ಕೇಳುವುದು ಸ್ಪಾರಿಂಗ್. ಅವರಿಗೆ ಸಾಲದೆ ಬಂದಿರುವುದು ಈ ನಡುವಿನ ಮೆಟ್ಟಿಲು. ಮುಂದಿನ ಮೂರು ಆಯ್ಕೆಗಳಲ್ಲೂ ನಾವು ನೋಡಿದ್ದು ಇದನ್ನೇ: ಎದುರಿನವನು ಎಷ್ಟು ಅಲುಗಾಡುತ್ತಾನೆ, ಎಷ್ಟು ವಿರೋಧಿಸುತ್ತಾನೆ?

ಚೆನ್ನಾಗಿ ಕೆಲಸ ಮಾಡಿದ್ದು ಷರತ್ತಿನ ಸ್ಪಾರಿಂಗ್, ಅದರ ಕ್ರಮ ಹೀಗಿದೆ. ಮೊದಲ ಒಂದು ನಿಮಿಷ ಒಬ್ಬನಿಗೆ ಮುಂದಿರುವ ಕೈಯ ನೇರ ಪಂಚ್ ಮಾತ್ರ. ಇನ್ನೊಬ್ಬ ಹೊಡೆಯುವಂತಿಲ್ಲ, ಕಾಲು ಸರಿಸಿ ತಪ್ಪಿಸಿಕೊಳ್ಳಬೇಕು. ಎರಡನೇ ನಿಮಿಷ ಅವನು ತಿರುಗಿಸಿ ಒಂದೇ ಒಂದು ಪಂಚ್ ಹೊಡೆಯಬಹುದು. ಮೂರನೇ ನಿಮಿಷ ಇಬ್ಬರಿಗೂ ಪಂಚ್, ಜೊತೆಗೆ ಹೊಟ್ಟೆ ಮಟ್ಟದ ಕಿಕ್. ಆಮೇಲೆ ಪಾತ್ರ ಬದಲು. ವೇಗ ಅರ್ಧ. ಒಬ್ಬ ವೇಗ ಹೆಚ್ಚಿಸಿದರೆ ಇನ್ನೊಬ್ಬನದೂ ತಾನಾಗಿಯೇ ಏರುತ್ತದೆ, ಯಾರೂ ಬೇಕೆಂದು ಮಾಡುವುದಿಲ್ಲ. ಹಾಗಾಗಿ ವೇಗ ಏರಿದ್ದು ಕಂಡ ತಕ್ಷಣ ಇಬ್ಬರನ್ನೂ ನಿಲ್ಲಿಸಿ, ಬಾಗಿ ನಮಸ್ಕರಿಸಿ ಮತ್ತೆ ಶುರು ಮಾಡಿಸಬೇಕು. ಯಾರು ಶುರು ಮಾಡಿದ್ದು ಎಂಬ ವಿಚಾರಣೆ ಬೇಡ.

ಟೂರ್ನಮೆಂಟ್ ಮಾದರಿಯ ಪಾಯಿಂಟ್ ಆಟಕ್ಕೆ ಅದರದೇ ಬೆಲೆ ಇದೆ. ಅಲ್ಲಿ ಅಂಕಗಳ ಹೆಸರು ಯುಕೊ, ವಾಜಾ-ಅರಿ, ಇಪ್ಪೊನ್: ಯುಕೊಗೆ 1, ವಾಜಾ-ಅರಿಗೆ 2, ಇಪ್ಪೊನ್‌ಗೆ 3 ಪಾಯಿಂಟ್; ದೂರ ಅಳೆಯುವುದನ್ನೂ ಸಮಯ ಹಿಡಿಯುವುದನ್ನೂ ಇದು ಚೆನ್ನಾಗಿ ಕಲಿಸುತ್ತದೆ. ತೊಂದರೆ ಒಂದೇ: ಪಾಯಿಂಟ್ ಆಯಿತೆಂದು ರೆಫರಿ ನಿಲ್ಲಿಸುವುದು ರೂಢಿಯಾಗಿ, ಹೊಡೆದ ಕೂಡಲೇ ಕೈ ಇಳಿಸುವ ಚಟ ಹತ್ತುತ್ತದೆ. ಕ್ಲಾಸಿನಲ್ಲಿ ಪಾಯಿಂಟ್ ಆದ ಮೇಲೂ ಎರಡು ಹೆಜ್ಜೆ ಹಿಂದೆ ಸರಿಯುವವರೆಗೆ ಕೈ ಮೇಲೇ ಇರಲಿ.

ಗಮ್‌ಗಾರ್ಡ್, ಗ್ಲೌಸ್, ಶಿನ್‌ಗಾರ್ಡ್, ಹುಡುಗರಿಗೆ ಗ್ರೋಯಿನ್ ಗಾರ್ಡ್ ಇಲ್ಲದೆ ಶುರು ಮಾಡಬೇಡಿ. ಉಂಗುರ, ಕಿವಿಯೋಲೆ, ಕಾಲ್ಗೆಜ್ಜೆ ತೆಗೆಸಿ. ಕೈಗೆ ಕಟ್ಟಿದ ದೇವರ ದಾರವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಎದುರಿನವನ ಬೆರಳು ಸಿಕ್ಕಿಕೊಳ್ಳುವುದು ಅದರಲ್ಲೇ. ತೆಗೆಯಲು ಮನಸ್ಸಿಲ್ಲದಿದ್ದರೆ ಮೇಲೆ ಟೇಪ್ ಸುತ್ತಿ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ತಡೆಯುತ್ತದೆ; ತಲೆಯೊಳಗಿನ ಅದುರನ್ನು ತಡೆಯುತ್ತದೆ ಎಂದು ನಂಬಬೇಡಿ. ತಲೆಗೆ ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು ಏನೇ ಕಂಡರೂ ಅಂದಿನ ಆಟ ಅಲ್ಲಿಗೇ ಮುಗಿಯಿತು, ಡಾಕ್ಟರ್ ಬಳಿ ಕರೆದೊಯ್ಯಬೇಕು.

ಪ್ಯಾಡ್

ಗಾಳಿಗೆ ವರ್ಷಗಟ್ಟಲೆ ಹೊಡೆದವರು ಮೊದಲ ಸಲ ಪ್ಯಾಡ್‌ಗೆ ಹೊಡೆದಾಗ ಎರಡು ವಿಷಯ ಬಯಲಾಗುತ್ತದೆ. ಒಂದು ಮಣಿಕಟ್ಟು. ಮುಷ್ಟಿ ತಾಗಿದ ಕ್ಷಣ ಅದು ಒಳಕ್ಕೆ ಮಡಚುತ್ತದೆ, ಏಕೆಂದರೆ ಗಾಳಿ ಎದುರೊತ್ತುವುದಿಲ್ಲ. ತೋರುಬೆರಳು, ನಡುಬೆರಳಿನ ಗೆಣ್ಣುಗಳು ಮೊದಲು ತಾಗಬೇಕು; ಮುಂಗೈಯ ಮೇಲ್ಭಾಗಕ್ಕೆ ಅಡಿಕೋಲು ಇಟ್ಟರೆ ಗೆಣ್ಣಿನವರೆಗೆ ನೇರ ಕೂರಬೇಕು. ಇನ್ನೊಂದು ದೂರ. ಗಾಳಿಯಲ್ಲಿ ಪಂಚ್ ಎಲ್ಲಿ ಮುಗಿದರೂ ಸರಿಯೇ. ಪ್ಯಾಡ್ ಎದುರು ನಿಂತಾಗ ಕೈ ಪೂರ್ತಿ ಚಾಚಿ ಮುಗಿದ ಮೇಲಷ್ಟೇ ತಾಗುವಷ್ಟು ದೂರ ನಿಂತಿರುತ್ತಾರೆ, ಮೊಣಕೈ ಗಂಟಿಗೆ ನೋವು ಬರುತ್ತದೆ. ಮೇ ಗೆರಿ, ಅಂದರೆ ನೇರ ಮುಂದಕ್ಕೆ ಒದೆಯುವ ಕಿಕ್‌ನಲ್ಲಿ ಬೆರಳನ್ನು ಹಿಂದಕ್ಕೆ ಎಳೆದು ಪಾದದ ಮುಂದಿನ ದಿಂಡಿನಿಂದ ತಾಗಿಸದಿದ್ದರೆ ಹೆಬ್ಬೆರಳಿಗೇ ಪೆಟ್ಟು.

ಪ್ಯಾಡ್ ಅಭ್ಯಾಸ ಕೆಡುವುದು ಹೆಚ್ಚಾಗಿ ಹಿಡಿಯುವವರಿಂದ. ಶಬ್ದ ಜೋರಾಗಿ ಬರಲಿ ಎಂದು ಬರುವ ಮುಷ್ಟಿಗೆ ಪ್ಯಾಡ್ ಬೀಸಿ ಎದುರು ಹೊಡೆಯುತ್ತಾರೆ. ಠಪ್ ಎಂದು ಕೇಳುತ್ತದೆ, ಹೊಡೆದವನಿಗೆ ಖುಷಿಯಾಗುತ್ತದೆ, ಬಲ ಮಾತ್ರ ಬಂದಿರುವುದಿಲ್ಲ. ಕೈ ಪ್ಯಾಡ್ ಹಿಡಿಯುವವನು ಮೊಣಕೈ ಸ್ವಲ್ಪ ಮಡಚಿ, ಪ್ಯಾಡನ್ನು ತನ್ನ ಗಲ್ಲದ ಎತ್ತರಕ್ಕೆ, ಹೆಗಲಿನ ಅಗಲದೊಳಗೆ ಇಟ್ಟು, ತಾಗುವ ಕ್ಷಣದಲ್ಲಿ ಎರಡೇ ಇಂಚು ಮುಂದೆ ಒತ್ತಬೇಕು. ಪ್ಯಾಡ್ ದೂರ ದೂರ ಬಿಚ್ಚಿ ಹಿಡಿದರೆ ಹೊಡೆಯುವವನು ಎದುರಿನವನ ಕಿವಿಯಾಚೆಗೆ ಹೊಡೆಯುವುದನ್ನು ಕಲಿಯುತ್ತಾನೆ. ಕಿಕ್ ಶೀಲ್ಡ್, ಅಂದರೆ ಕಿಕ್ ತಡೆಯುವ ದೊಡ್ಡ ಪ್ಯಾಡ್, ಮೈಗೆ ಅಂಟಿರಬೇಕು, ಎರಡೂ ಮುಂಗೈ ಅದರ ಹಿಂದೆ ಇರಬೇಕು, ಮಂಡಿ ಬಾಗಿರಬೇಕು. ಮೈಯಿಂದ ನಾಲ್ಕು ಇಂಚು ದೂರ ಹಿಡಿದರೆ ಕಿಕ್ ಬಿದ್ದಾಗ ಶೀಲ್ಡೇ ಬಂದು ಮೂಗಿಗೆ ಬಡಿಯುತ್ತದೆ.

ಇಷ್ಟು ಸರಿಯಾದರೆ ಒಂದು ಸಣ್ಣ ಬದಲಾವಣೆ ಮಾಡಿ, ಪ್ಯಾಡಿನ ಬೆಲೆಯೇ ಏರುತ್ತದೆ. ಪ್ರತಿ ಎರಡು-ಮೂರು ಹೊಡೆತದ ಕೊನೆಗೆ ಹಿಡಿದವನು ಅದೇ ಪ್ಯಾಡಿನಿಂದ ಹೊಡೆದವನ ಕೆನ್ನೆಯ ಕಡೆಗೆ ಮೆಲ್ಲಗೆ ಒಂದು ಬೀಸು ಬೀಸಲಿ. ಕೈ ಗಲ್ಲಕ್ಕೆ ಮರಳಿದ್ದರೆ ತಡೆದುಕೊಳ್ಳುತ್ತಾನೆ, ಇಲ್ಲದಿದ್ದರೆ ಕೆನ್ನೆಗೆ ತಾಗುತ್ತದೆ. 'ಕೈ ಮೇಲೆ, ಕೈ ಮೇಲೆ' ಎಂದು ಮಾಸ್ಟರ್ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ. ಜೊತೆಗೆ ಹಿಡಿದವನು ಪ್ರತಿ ಸರದಿಗೆ ಒಂದೊಂದು ಹೆಜ್ಜೆ ಜಾಗ ಬದಲಿಸಲಿ. ಎರಡು ನಿಮಿಷ ಹೊಡೆತ, ಅರ್ಧ ನಿಮಿಷ ಬಿಡುವು, ಅದಲುಬದಲು. ಇಪ್ಪತ್ತು ಜನಕ್ಕೆ ಐದು ಜೊತೆ ಪ್ಯಾಡ್ ಸಾಕು: ನಾಲ್ವರ ಗುಂಪಿನಲ್ಲಿ ಒಬ್ಬ ಹೊಡೆಯುತ್ತಾನೆ, ಒಬ್ಬ ಹಿಡಿಯುತ್ತಾನೆ, ಇನ್ನಿಬ್ಬರು ಸ್ಕ್ವಾಟ್, ಪುಷ್‌ಅಪ್ ಮಾಡುತ್ತಾರೆ.

ಸ್ಪಾರಿಂಗ್‌ಗೆ ಹೋಲಿಸಿದರೆ ಪ್ಯಾಡ್‌ನಲ್ಲಿ ಪೆಟ್ಟು ಕಡಿಮೆ, ಬೆವರು ಹೆಚ್ಚು, ಹೆದರುವ ಮಗುವೂ ಮುಂದೆ ಬರುತ್ತದೆ. ಸುಮ್ಮನೆ ಒಂದೇ ಕಡೆ ನಿಂತು ಹಿಡಿದ ಪ್ಯಾಡ್ ಮಾತ್ರ ಗೋಡೆಗೆ ಸಮ.

ಬೀಳುವುದು

ನಾಲ್ಕರಲ್ಲಿ ಕೇಳುವವರು ಕಡಿಮೆ ಇರುವುದು ಇದಕ್ಕೆ, ಬದುಕಿನಲ್ಲಿ ಬಳಕೆಗೆ ಬರುವುದು ಇದೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಪಾಚಿ ಕಟ್ಟದ ಮೆಟ್ಟಿಲು ಯಾವುದಿದೆ? ಜಾರಿದವರು ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಆ ಕೈ ಊರುವ ಸ್ವಭಾವವನ್ನು ಬಿಡಿಸುವುದೇ ಈ ಅಭ್ಯಾಸದ ಮೊದಲ ಕೆಲಸ.

ಜೂಡೊದವರು ಇದನ್ನು ಉಕೆಮಿ ಎನ್ನುತ್ತಾರೆ. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಕಟ್ಟಿ ಬೆಳೆಸಿದ ಆ ಕಲೆಯಲ್ಲಿ ಇದು ಮೊದಲ ಪಾಠ. ಕರಾಟೆ ಕ್ಲಾಸಿಗೆ ಎರವಲು ತರಲು ಸಂಕೋಚ ಬೇಡ. ಮೊದಲು ಮಲಗಿಯೇ ಶುರು. ಗಲ್ಲ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಮೇಲೆ. ಎರಡೂ ಕೈ ಮೈಯಿಂದ ಸುಮಾರು 45 ಡಿಗ್ರಿ, ಅಂಗೈ ಕೆಳಗೆ, ಬೆರಳತುದಿಯಿಂದ ಮೊಣಕೈವರೆಗೆ ಒಟ್ಟಿಗೆ ನೆಲಕ್ಕೆ ಬಡಿಯಬೇಕು, ಬಡಿಯುವಾಗ ಉಸಿರು ಹೊರಗೆ. ಅದು ಕೂತ ಮೇಲೆ ಕುಳಿತು ಹಿಂದಕ್ಕೆ, ಆಮೇಲೆ ಕುಕ್ಕರಗಾಲಿನಿಂದ, ಕೊನೆಗೆ ನಿಂತು. ಮುಂದಕ್ಕೆ ಉರುಳುವಾಗ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಓರೆಯಾಗಿ ಹೋಗಬೇಕು. ನೇರ ಬೆನ್ನುಮೂಳೆಯ ಮೇಲೆ ಉರುಳಿದರೆ ಗಂಟುಗಂಟು ನೆಲಕ್ಕೆ ತಾಗುತ್ತದೆ. ಸಾಮಾನ್ಯ ತಪ್ಪುಗಳು: ಮೊಣಕೈ ಮೊದಲು ಊರುವುದು, ಕೈಯನ್ನು ಹೆಗಲಿನ ನೇರಕ್ಕೆ ಚಾಚುವುದು, ಪಕ್ಕಕ್ಕೆ ಬಿದ್ದಾಗ ಕಾಲ ಮೇಲೆ ಕಾಲು ಹಾಕಿ ಎರಡೂ ಪಾದದ ಕೀಲುಗಳನ್ನು ಒಂದಕ್ಕೊಂದು ಬಡಿಸಿಕೊಳ್ಳುವುದು.

ಇದನ್ನು ಒಂದೇ ದಿನ 20 ನಿಮಿಷ ಮಾಡಿಸಬಾರದು. ಕುತ್ತಿಗೆ ಸೋಲುತ್ತದೆ, ತಲೆ ಹಿಂದಕ್ಕೆ ವಾಲತೊಡಗುತ್ತದೆ. ಪ್ರತಿ ಕ್ಲಾಸಿಗೆ 5 ನಿಮಿಷ ಸಾಕು. ಗ್ರಾನೈಟ್, ಟೈಲ್ಸ್ ನೆಲದ ಮೇಲೆ 20 ಮಿಲಿಮೀಟರ್ ಜೋಡಣೆ ಮ್ಯಾಟ್ ಹಾಸಿದ್ದರೆ ಕುಕ್ಕರಗಾಲಿನ ಹಂತಕ್ಕೇ ನಿಲ್ಲಿಸಿ, ನಿಂತು ಬೀಳಲು 40 ಮಿಲಿಮೀಟರ್ ಬೇಕು. ಮಳೆಗಾಲದಲ್ಲಿ ಮ್ಯಾಟನ್ನು ಹಾಸಿಯೇ ಬಿಟ್ಟರೆ ಅಡಿ ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ಗಜಕರ್ಣ ಹರಡುತ್ತದೆ. ಪ್ರತಿ ದಿನ ಎತ್ತಿ ಒರೆಸಿ ನಿಲ್ಲಿಸಿಡಿ. ಮ್ಯಾಟಿನ ಮೇಲೆ ಬಡಿದಂತೆ ಸಿಮೆಂಟಿನ ಮೇಲೆ ಕೈ ಬಡಿಯಬಾರದು ಎಂಬುದನ್ನೂ ಹೇಳಿಕೊಡಬೇಕು. ಹೊರಗೆ ಉಪಯೋಗಕ್ಕೆ ಬರುವುದು ಗಲ್ಲ ಎದೆಗೆ ಒತ್ತುವುದು, ಬೆನ್ನು ದುಂಡಗೆ ಮಾಡುವುದು, ಕೈ ಊರದಿರುವುದು.

ಹಿಡಿತ ಬಿಡಿಸುವುದು

ಹೆಣ್ಣುಮಕ್ಕಳೂ ಅವರ ತಂದೆ-ತಾಯಿಯೂ ಹೆಚ್ಚು ಕೇಳುವುದು ಇದನ್ನು. ಕಲಿಸುವುದು ಸುಲಭ, ಅದಕ್ಕೇ ಮೋಸ ಹೋಗುವುದೂ ಸುಲಭ. ಮಣಿಕಟ್ಟು ಹಿಡಿದಾಗ ದುರ್ಬಲ ಜಾಗ ಹಿಡಿದವನ ಹೆಬ್ಬೆರಳು ಮತ್ತು ಬೆರಳತುದಿ ಕೂಡುವ ಸಂದು. ನಿಮ್ಮ ಮುಂಗೈಯ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಕೈ ಎಳೆಯುವ ಬದಲು ಮೊಣಕೈಯನ್ನು ಅವನ ಮೊಣಕೈ ಕಡೆಗೆ ತಳ್ಳುತ್ತಾ ಒಂದು ಹೆಜ್ಜೆ ಒಳಗೆ ಹಾಕಿ. ಎರಡು ಕೈಯಲ್ಲಿ ಹಿಡಿದಿದ್ದರೆ ನಿಮ್ಮ ಇನ್ನೊಂದು ಕೈಯನ್ನು ಅವನ ಕೈಗಳ ನಡುವೆ ತೂರಿಸಿ ನಿಮ್ಮದೇ ಮುಷ್ಟಿ ಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಕೂದಲು ಹಿಡಿದರೆ ಹಿಡಿದ ಕೈಯನ್ನು ಎರಡೂ ಕೈಯಿಂದ ತಲೆಗೇ ಒತ್ತಿಕೊಳ್ಳಿ. ನೋವು ತಗ್ಗುತ್ತದೆ, ತಲೆ ಅವನು ಎಳೆದತ್ತ ಹೋಗುವುದಿಲ್ಲ.

ಕ್ಲಾಸಿನಲ್ಲಿ ಜೊತೆಗಾರ ಮರದ ಕೊಂಬೆಯಂತೆ ಕೈ ಚಾಚಿ ನಿಲ್ಲುತ್ತಾನೆ. ಹೊರಗೆ ಹಿಡಿದವನು ಎಳೆಯುತ್ತಾನೆ. ಹಾಗಾಗಿ ಮೂರು ಹಂತ ಬೇಕು: ಬಿಗಿಯಾಗಿ ಹಿಡಿದು ನಿಲ್ಲುವುದು, ಹಿಡಿದು ಬಾಗಿಲ ಕಡೆ ಎಳೆಯುವುದು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಹೆಗಲು ನೂಕುವುದು. ಎರಡನೇ ಹಂತಕ್ಕೆ ಬಂದಾಗಲೇ ಎಷ್ಟೋ ಜನರ ವಿದ್ಯೆ ನಿಂತುಹೋಗುತ್ತದೆ. ಚಿಕ್ಕವರಿಗೆ ದೊಡ್ಡವರನ್ನು ಜೋಡಿ ಮಾಡಿ. ಕೈ ಬಿಟ್ಟ ಮೇಲೆ ಅಲ್ಲೇ ನಿಲ್ಲಲು ಬಿಡಬೇಡಿ. ಕೂಗುತ್ತಾ ಹಾಲಿನ ಆ ತುದಿಗೆ ಓಡಿದರಷ್ಟೇ ಒಂದು ಸಲ ಮುಗಿಯಿತು ಎಂದು ಲೆಕ್ಕ. ವರ್ಷಕ್ಕೊಮ್ಮೆ ಶಾಲೆಯಲ್ಲಿ ನಡೆಯುವ ಎರಡು ಗಂಟೆಯ ಆತ್ಮರಕ್ಷಣೆ ಶಿಬಿರಕ್ಕಿಂತ ವಾರಕ್ಕೊಮ್ಮೆಯ 15 ನಿಮಿಷ ಎಷ್ಟೋ ಮೇಲು.

ಹಾಗಾದರೆ ಕಟಾ ಕಡಿಮೆ ಮಾಡಬೇಕೇ? ಬೇಡ. ಶೋಟೊಕಾನ್‌ನ ಮೊದಲ ಕಟಾ ಹೇಯಾನ್ ಶೋದಾನ್‌ನ 21 ಎಣಿಕೆಯಲ್ಲಿ ನಾಲ್ಕನೆಯದು, ಕೈಯನ್ನು ಹಿಂದಕ್ಕೆ ಸುತ್ತಿ ಎಳೆದು ಮುಷ್ಟಿಯ ಬದಿಯಿಂದ ಕೆಳಗೆ ಬಡಿಯುವುದು, ಹಿಡಿದ ಮಣಿಕಟ್ಟು ಬಿಡಿಸುವುದೆಂದೇ ಸಾಮಾನ್ಯವಾಗಿ ವಿವರಿಸುತ್ತಾರೆ. ಆ ಎಣಿಕೆಗೆ ಬಂದಾಗ ಜೊತೆಗಾರನಿಂದ ನಿಜವಾಗಿ ಕೈ ಹಿಡಿಸಿ. ಹಿಡಿತದ ಪಾಠಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ, ಬೆಲ್ಟ್ ಪರೀಕ್ಷೆಯ ತಯಾರಿಯೂ ನಿಲ್ಲುವುದಿಲ್ಲ.

ವಾರಕ್ಕೆ ಮೂರು ಕ್ಲಾಸ್ ಇದ್ದರೆ ನಾವು ಹಂಚುವುದು ಹೀಗೆ: ಮೂರೂ ದಿನ 5 ನಿಮಿಷ ಬೀಳುವುದು, ಉಳಿದ 15 ನಿಮಿಷ ಒಂದು ದಿನ ಬೀಸಿ ಪರೀಕ್ಷಿಸುವ ಪ್ಯಾಡ್, ಒಂದು ದಿನ ಎಳೆದಾಡುವ ಹಿಡಿತ, ಒಂದು ದಿನ ಷರತ್ತಿನ ಸ್ಪಾರಿಂಗ್. ಮುಕ್ತ ಸ್ಪಾರಿಂಗ್ ತಿಂಗಳ ಕೊನೆಗೆ ಒಂದು ಸಲ, ಷರತ್ತಿನ ಆಟದಲ್ಲಿ ಕಣ್ಣು ಮುಚ್ಚದವರಿಗೆ ಮಾತ್ರ. ವಾರಕ್ಕೆ ಎರಡೇ ಕ್ಲಾಸ್ ಆದರೆ ಬಿಡಬೇಕಾದದ್ದು ಸ್ಪಾರಿಂಗ್. ಬೀಸುವ ಪ್ಯಾಡ್ ಅದರ ಅರ್ಧ ಕೆಲಸ ಮಾಡುತ್ತದೆ. ಪ್ಯಾಡ್ ಕೊಳ್ಳುವ ತನಕ ಹಳೇ ಜಮಖಾನವನ್ನು ಎಂಟು ಮಡಿಕೆ ಮಡಚಿ ಹಗ್ಗದಲ್ಲಿ ಬಿಗಿದರೆ ಹೊಟ್ಟೆ ಮಟ್ಟದ ಮೆಲ್ಲನೆ ಕಿಕ್‌ಗೆ ಸಾಕು. ಮುಷ್ಟಿಗೆ ಅದು ಬೇಡ, ಗಂಟು ಬಂದ ಕಡೆ ಗೆಣ್ಣಿನ ಚರ್ಮ ಸುಲಿಯುತ್ತದೆ.