ಹಳೇ ಟ್ರಾನ್ಸ್‌ಫಾರ್ಮರ್‌ಗೆ ಹೊಸ ಡಯೋಡ್: ಮೂರು ವರ್ಷ ಬಳಸಿದ ಮೇಲೆ

ಅಮೆರಿಕದ ರೂಢಿಯಂತೆ ಗೇಟು ಹತ್ತಿರ ಬಂದಾಗ ರೈಲು ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಕೂಗಬೇಕು. ನನ್ನ ಮೂರು ಹಳಿಯ ಎಸಿ ಆಟಿಕೆ ರೈಲಿನಲ್ಲಿ ಆ ಗಿಡ್ಡ ಕೂಗು ಬರುತ್ತಲೇ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನ ಸೀಟಿ ಹಿಡಿ ಎಳೆದರೆ ಎಂಜಿನ್ ಮುಗ್ಗರಿಸುತ್ತಿತ್ತು, ಎಂಜಿನ್ನಿನ ಹಿಂದಿನ ಕಲ್ಲಿದ್ದಲು ಗಾಡಿಯಾದ ಟೆಂಡರಿನೊಳಗಿನ ಸೀಟಿ ತಡವಾಗಿ ಉಸ್ಸೆಂದು ಸುಮ್ಮನಾಗುತ್ತಿತ್ತು.

ಅಮೆರಿಕದ ಆಟಿಕೆ ರೈಲು ಕಂಪನಿ ಲಯೋನೆಲ್ 1935ರಲ್ಲಿ ತಂದ ಈ ಉಪಾಯ ನನಗೆ ಈಗಲೂ ಅಚ್ಚರಿ. ಹಳಿಯಲ್ಲಿ ಬರೀ ಎಸಿ ಇದ್ದರೆ ಟೆಂಡರಿನ ರಿಲೇ, ಅಂದರೆ ಕರೆಂಟಿನಿಂದಲೇ ಕದಲುವ ಸ್ವಿಚ್ಚು, ಕದಲುವುದಿಲ್ಲ. ಹಿಡಿ ಎಳೆದಾಗ ಟ್ರಾನ್ಸ್‌ಫಾರ್ಮರಿನಲ್ಲಿರುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ರೆಕ್ಟಿಫೈಯರ್ ಬಿಲ್ಲೆ ದಾರಿಗೆ ಬಂದು ಡಿಸಿ ಬೆರೆಸುತ್ತದೆ, ರಿಲೇ ಕಚ್ಚಿಕೊಳ್ಳುತ್ತದೆ, ಪುಟ್ಟ ಮೋಟರು ಗಾಳಿ ಊದುತ್ತದೆ. ಬಿಲ್ಲೆಗೆ ವಯಸ್ಸಾದಂತೆ ಅದರ ತಡೆ ಏರುತ್ತದೆ, ಕೂಗು ಸೊರಗುತ್ತದೆ.

ಅದರ ಬದಲು ಅದೇ ಕೆಲಸ ಮಾಡುವ ಸಿಲಿಕಾನ್ ಡಯೋಡ್ ಹಾಕಿದೆ. ಮೊದಲು ಹಾಕಿದ್ದು ಕೈಗೆ ಸಿಕ್ಕ 3 ಆಂಪಿಯರಿನ 1ಎನ್5408. ಆರು ತಿಂಗಳು ಬಾಳಿತು. ಒಂದು ದಿನ ಕೂಗಿಸುತ್ತಿದ್ದಾಗಲೇ ತಿರುವಿನಲ್ಲಿ ಬೋಗಿ ಹಳಿ ತಪ್ಪಿ ಶಾರ್ಟ್ ಆಯಿತು. ಹಳೇ ಬ್ರೇಕರ್ ಕಾದು ಬಿಡಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಡಯೋಡ್ ಹೋಗಿತ್ತು. ಸಿಲಿಕಾನ್ ಡಯೋಡ್ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ, ಅಂದರೆ ಬರೀ ತಂತಿಯಂತಾಗಿ ಡಿಸಿ ಬೆರೆಸುವುದು ನಿಲ್ಲುತ್ತದೆ. ಆಮೇಲೆ ಹಿಡಿ ಎಳೆದರೆ ಕೂಗಿಲ್ಲ, ರೈಲು ಮಾತ್ರ ನುಗ್ಗುತ್ತಿತ್ತು. ಬೆಸುಗೆ ಬಿಟ್ಟಿರಬಹುದೆಂದು ಎರಡು ಸಂಜೆ ಹುಡುಕಿದೆ.

ಈಗಿರುವುದು ಬೋಲ್ಟಿನಂತೆ ತಿರುಪಿ ಕೂರಿಸುವ 40 ಆಂಪಿಯರಿನದು, ಕೆಳಗೆ ಮೈಕಾ ವಾಷರ್ ಇಟ್ಟು ಲೋಹದ ಚೌಕಟ್ಟಿಗೆ ಬಿಗಿದಿದ್ದೇನೆ. ಎರಡೂವರೆ ವರ್ಷದಲ್ಲಿ ಎಷ್ಟೋ ಸಲ ಹಳಿ ತಪ್ಪಿದೆ, ಅದಕ್ಕೇನೂ ಆಗಿಲ್ಲ. ಬೆಲೆಯ ವ್ಯತ್ಯಾಸ ನೋಡಿ ಚಿಕ್ಕದು ಹಾಕಬೇಡಿ. ಪೆಟ್ಟಿಗೆ ಬಿಚ್ಚುವ ಮುನ್ನ ಪ್ಲಗ್ ಕೀಳಿ, ಬಿರುಕು ಬಿಟ್ಟ ರಬ್ಬರ್ ತಂತಿ ಇದ್ದರೆ ಆಗಲೇ ಬದಲಿಸಿಬಿಡಿ.

ಡಯೋಡಿನ ದಿಕ್ಕು ಹಳೇ ರಿಲೇಗೆ ಯಾವುದಾದರೂ ಸರಿ. ನನ್ನ ಹೊಸ ಎಂಜಿನ್ ಹಾಗಲ್ಲ: ಒಂದು ದಿಕ್ಕಿಗೆ ಸೀಟಿ, ಇನ್ನೊಂದಕ್ಕೆ ಗಂಟೆ. ಉಲ್ಟಾ ಹಾಕಿದ ದಿನ ಸೀಟಿಯ ಹಿಡಿಗೆ ಗಂಟೆ ಬಾರಿಸಿತು.

ರಾತ್ರಿ ಊಟವಾದ ಮೇಲೆ ಕೋಣೆಯ ದೀಪ ಆರಿಸಿ, ಎಂಜಿನ್ನಿನ ದೀಪವೊಂದನ್ನೇ ಬಿಟ್ಟು ನಾಲ್ಕು ಸುತ್ತು ಓಡಿಸುತ್ತೇನೆ. ಪ್ರತಿ ಸುತ್ತಿಗೂ ಗೇಟಿನ ಬಳಿ ಆ ಗಿಡ್ಡ ಕೂಗು ಕತ್ತರಿಸಿದಷ್ಟು ಚೊಕ್ಕವಾಗಿ ಬರುತ್ತದೆ. ಅದಕ್ಕಾಗಿಯೇ ಐದಕ್ಕೆ ಐದು ಕೊಡುವ ಮನಸ್ಸಿತ್ತು.

ನಾಲ್ಕು ಕೊಟ್ಟಿದ್ದೇನೆ. ಹಳೇ ಬಿಲ್ಲೆ ತಿನ್ನುತ್ತಿದ್ದ ವೋಲ್ಟೇಜನ್ನು ತುಂಬಿಕೊಡಲೆಂದೇ ಟ್ರಾನ್ಸ್‌ಫಾರ್ಮರಿನೊಳಗೆ ಹೆಚ್ಚುವರಿ ತಂತಿ ಸುತ್ತುಗಳಿವೆ. ಡಯೋಡ್ ಅಷ್ಟು ತಿನ್ನುವುದಿಲ್ಲ, ಹಾಗಾಗಿ ಕೂಗಿಸಿದ ಕೂಡಲೇ ಹಗುರ ಎಂಜಿನ್ ಹಾರುತ್ತದೆ. ಅದನ್ನು ಓಡಿಸುವಾಗ ಎಡಗೈಯಲ್ಲಿ ವೇಗ ಚೂರು ಇಳಿಸಿ, ಆಮೇಲೆ ಕೂಗಿಸುತ್ತೇನೆ.