ಕೀಕ್ಯಾಡ್: ನಮ್ಮ ಸಣ್ಣ ವರ್ಕ್‌ಶಾಪಿಗೆ ಒಗ್ಗಿದ ಸಾಫ್ಟ್‌ವೇರ್

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಮೂರು ಜನರ ವರ್ಕ್‌ಶಾಪ್. ಬೋರ್‌ವೆಲ್ ಪಂಪಿನ ಸ್ಟಾರ್ಟರ್‌ಗೆ ಕಂಟ್ರೋಲ್ ಬೋರ್ಡ್ ಮಾಡುತ್ತೇವೆ. ಬೋರ್ಡಿನ ನಕ್ಷೆ ಕಂಪ್ಯೂಟರಿನಲ್ಲಿ ಬರೆಯಲು ಮೊದಲು ಈಗಲ್ ಎಂಬ ಸಾಫ್ಟ್‌ವೇರಿನ ಉಚಿತ ಆವೃತ್ತಿ ಬಳಸುತ್ತಿದ್ದೆ. ಅದರಲ್ಲಿ ಎರಡು ತಾಮ್ರದ ಲೇಯರ್ (ಪದರ), 80 ಚದರ ಸೆಂ.ಮೀ. ಅಷ್ಟೇ. ನಮ್ಮ ಬೋರ್ಡು 12 × 9 ಸೆಂ.ಮೀ., ಅದರೊಳಗೆ ಹಿಡಿಯಲೇ ಇಲ್ಲ. ಮೇಲಾಗಿ 2026ರ ಜೂನ್‌ಗೆ ಈಗಲ್ ನಿಲ್ಲಿಸುವುದಾಗಿ ಅದರ ಕಂಪನಿ ಆಟೊಡೆಸ್ಕ್ 2023ರಲ್ಲೇ ಹೇಳಿತ್ತು. ಬೇರೆಯದಕ್ಕೆ ವರ್ಷವರ್ಷ ಬಾಡಿಗೆ ಕಟ್ಟುವುದು ನಮ್ಮಂಥವರಿಗೆ ಭಾರ, ಅಲ್ವಾ?

ಹಾಗಾಗಿ ಅದೇ ಕೆಲಸ ಮಾಡುವ ಕೀಕ್ಯಾಡ್‌ಗೆ ಬಂದೆ. ಪೂರ್ತಿ ಉಚಿತ. ಮಾರಾಟದ ಬೋರ್ಡಿಗೂ ಬಳಸಬಹುದು. 32 ತಾಮ್ರದ ಲೇಯರ್‌ವರೆಗೆ ಹೋಗಬಹುದು, ನಮಗೆ ಎರಡೇ ಜಾಸ್ತಿ. ಹಳೆಯ ಈಗಲ್ ಫೈಲುಗಳೂ ತೆರೆದವು.

ನನಗೆ ತುಂಬಾ ಹಿಡಿಸಿದ್ದು ಡಿಆರ್‌ಸಿ, ಅಂದರೆ ನಾವು ಕೊಟ್ಟ ನಿಯಮಗಳಿಗೆ ನಕ್ಷೆ ಸರಿಯಿದೆಯೇ ಎಂದು ನೋಡುವ ತಪಾಸಣೆ. 230 ವೋಲ್ಟಿನ ತಾಮ್ರದ ಗೆರೆಗಳಿಗೆ 6 ಮಿ.ಮೀ. ಅಂತರ ಇರಬೇಕೆಂದು ನೆಟ್ ಕ್ಲಾಸಿನಲ್ಲಿ (ಒಂದು ಗುಂಪಿನ ಗೆರೆಗಳಿಗೆ ನಿಯಮ ಹಾಕುವ ಜಾಗ) ಬರೆದಿಟ್ಟೆ. ಒಂದು 5 ವೋಲ್ಟಿನ ಗೆರೆ ರಿಲೇಯ (ವಿದ್ಯುತ್ತಿನಿಂದ ಆಡುವ ಸ್ವಿಚ್) 230 ವೋಲ್ಟಿನ ಕಾಲಿನ ಪಕ್ಕದಲ್ಲೇ ಸುತ್ತಿಕೊಂಡು ಹೋಗಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಡಿಆರ್‌ಸಿ ತಕ್ಷಣ ಹಿಡಿದು ತೋರಿಸಿತು. ರೈತ ಒದ್ದೆ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಇದು, ಸುಮ್ನೆ ಬಿಡುವ ಮಾತೇ ಇಲ್ಲ.

ನಮ್ಮ ರಿಲೇಯ ಫುಟ್‌ಪ್ರಿಂಟ್ (ಅದರ ಕಾಲುಗಳು ಬೋರ್ಡಿನಲ್ಲಿ ಕೂರುವ ಜಾಗದ ನಕ್ಷೆ) ಮಾತ್ರ ಕೀಕ್ಯಾಡ್‌ನ ಲೈಬ್ರರಿಯಲ್ಲಿ ಸಿಗಲಿಲ್ಲ. ವರ್ನಿಯರ್‌ನಿಂದ ಅಳೆದು ನಾನೇ ಬರೆದೆ. 1:1 ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಥರ್ಮೋಕೋಲ್ ಮೇಲಿಟ್ಟು, ರಿಲೇಯ ಕಾಲು ಚುಚ್ಚಿ ನೋಡಿದೆ. ಸರಿಯಾಗಿ ಕೂತಿತು. ಬೋರ್ಡು ತಯಾರಿಸುವವರಿಗೆ ಗರ್ಬರ್ ಫೈಲು (ಬೋರ್ಡು ಮಾಡಲು ಬೇಕಾದ ನಕ್ಷೆಯ ಫೈಲು) ಕಳಿಸುವ ಮೊದಲು ನೀವೂ ಹೀಗೆ ಮಾಡಿ.

ಕಲಿಯಲು ನನಗೆ ಎರಡು ವಾರ ಹಿಡಿಯಿತು. ಗೆರೆಗಳನ್ನು ತಾನೇ ಎಳೆಯುವ ಆಟೊರೂಟರ್ ಇದರ ಒಳಗೇ ಬರುವುದಿಲ್ಲ, ಗೆರೆಗಳನ್ನು ಕೈಯಲ್ಲೇ ಎಳೆಯಬೇಕು. ಈಗ ಐದನೇ ಬೋರ್ಡು ಇದರಲ್ಲೇ ನಡೆದಿದೆ.